ಮೊದಲು 108, ಆಮೇಲೆ ವಿಡಿಯೋ ಕಾಲ್: ತುರ್ತು ವಿಭಾಗದಲ್ಲಿ ಟೆಲಿಮೆಡಿಸಿನ್‌ಗೆ ಜಾಗ ಎಲ್ಲಿ?

ಮ್ಯೂನಿಕ್‌ನಿಂದ ನಾವು ಮಾತಾಡ್ತಾ ಇದ್ದೇವೆ. ಸಾಮಾನ್ಯವಾಗಿ ನಾವು ವಿಜ್ಞಾನವನ್ನು ವಿವರಿಸಿ ಸುಮ್ಮನಾಗುತ್ತೇವೆ. ಇವತ್ತು ನಮ್ಮ ಅಭಿಪ್ರಾಯವನ್ನೂ ಹೇಳ್ತೇವೆ. ವಿಷಯ, ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಟೆಲಿಮೆಡಿಸಿನ್. ಅದರಲ್ಲೂ ಪಾರ್ಶ್ವವಾಯು, ಊರಲ್ಲಿ ಲಕ್ವ ಹೊಡೀತು ಅಂತೀವಲ್ಲ, ಆ ಸ್ಟ್ರೋಕ್.

ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಬಳಗದ ಒಬ್ಬರ ತಂದೆ ಊರಿನ ಹತ್ತಿರದ ತಾಲ್ಲೂಕು ಕೇಂದ್ರದಲ್ಲಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು, ಮಾತು ತೊದಲಿತು. ಗಾಬರಿಯಾದ ಅಮ್ಮ ಮೊದಲು ಮಾಡಿದ್ದು ಜರ್ಮನಿಗೆ ವಿಡಿಯೋ ಕಾಲ್. "ಅಪ್ಪಾ, ಈ ಕಡೆ ನೋಡಿ, ಎರಡೂ ಕೈ ಎತ್ತಿ" ಅಂತ ಇಲ್ಲಿಂದ ನಾವು. ಅಮೆರಿಕದಲ್ಲಿರೋ ಅಕ್ಕ ಕಾಲ್‌ಗೆ ಸೇರಿದರು. ಪರಿಚಯದ ಡಾಕ್ಟರ್ ಯಾರಾದರೂ ಸಿಗ್ತಾರಾ ಅಂತ ಹುಡುಕಿದ್ದಾಯಿತು. ಶುಗರ್ ಇಳಿದಿರಬಹುದು, ಸ್ವಲ್ಪ ಮಲಗಲಿ ಅನ್ನೋ ಮಾತೂ ಬಂತು. ಮುಕ್ಕಾಲು ಗಂಟೆ ಹೋಯಿತು. ಮೊದಲು ಹೋದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಸ್ಕ್ಯಾನ್ ಇರೋ ಊರು ಮುಟ್ಟುವಷ್ಟರಲ್ಲಿ ಇಂಜೆಕ್ಷನ್ ಕೊಡುವ ಹೊತ್ತು ಮೀರಿತ್ತು. ಅವರು ಈಗ ಎಡಗೈಯಲ್ಲಿ ಊಟ ಮಾಡ್ತಾರೆ.

ಬೇಗ ಹೋಗಿದ್ದರೆ ಖಂಡಿತ ಸರಿಹೋಗ್ತಿತ್ತು ಅಂತ ಯಾರೂ ಹೇಳಲಾರರು. ಆದರೆ ಒಂದು ಅವಕಾಶ ಇತ್ತು. ಅದನ್ನು ತಿಂದದ್ದರಲ್ಲಿ ನಮ್ಮ ವಿಡಿಯೋ ಕಾಲ್‌ನ ಪಾಲೂ ಇದೆ.

ಹೆಚ್ಚಿನ ಸ್ಟ್ರೋಕ್‌ಗಳಲ್ಲಿ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನೋದು 2006ರಲ್ಲಿ ಪ್ರಕಟವಾದ ಅಂದಾಜು. ಹೆಪ್ಪನ್ನು ಕರಗಿಸುವ ಆಲ್ಟೆಪ್ಲೇಸ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಮೂರು ಗಂಟೆಯ ಗಡುವಿತ್ತು. ಆಯ್ದ ರೋಗಿಗಳಿಗೆ ನಾಲ್ಕೂವರೆ ಗಂಟೆಯವರೆಗೂ ಅದರಿಂದ ಪ್ರಯೋಜನವಿದೆ ಅಂತ 2008ರ ಯುರೋಪಿನ ಅಧ್ಯಯನ ತೋರಿಸಿತು. ಆದರೆ ಕೆಲವರಿಗೆ ನಾಳ ಕಟ್ಟಿರುವುದಿಲ್ಲ, ಒಡೆದಿರುತ್ತದೆ. ಅವರಿಗೆ ಇದೇ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕಟ್ಟಿದೆಯೋ ಒಡೆದಿದೆಯೋ ಅಂತ ಹೇಳುವುದು ಸ್ಕ್ಯಾನ್. ಮುಖ ಎಷ್ಟು ಚೆನ್ನಾಗಿ ಕಂಡರೂ ಮೊಬೈಲ್ ಕ್ಯಾಮೆರಾಗೆ ಅದು ಗೊತ್ತಾಗಲ್ಲ.

ಹಾಗಾದರೆ ದೂರದ ವೈದ್ಯರಿಂದ ಏನೂ ಉಪಯೋಗ ಇಲ್ವಾ? ಖಂಡಿತ ಇದೆ. ನಾವಿರೋ ಬವೇರಿಯಾದಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆ ಇದೆ. 2003ರಲ್ಲಿ ಟೆಂಪಿಸ್ ಎಂಬ ಜಾಲ ಶುರುವಾಯಿತು. ಮ್ಯೂನಿಕ್ ಮತ್ತು ರೇಗನ್ಸ್‌ಬುರ್ಗ್‌ನ ಎರಡು ಸ್ಟ್ರೋಕ್ ಕೇಂದ್ರಗಳ ನರರೋಗ ತಜ್ಞರು ಸಣ್ಣ ಊರುಗಳ ಆಸ್ಪತ್ರೆಗಳ ರೋಗಿಗಳನ್ನು ಹಗಲೂ ರಾತ್ರಿ ವಿಡಿಯೋ ಮೂಲಕ ನೋಡುತ್ತಾರೆ, ಅಲ್ಲಿ ತೆಗೆದ ಸ್ಕ್ಯಾನ್ ಓದುತ್ತಾರೆ, ಇಂಜೆಕ್ಷನ್ ಕೊಡಬಹುದೇ ಅಂತ ಹೇಳುತ್ತಾರೆ. ಜಾಲದ ಐದು ಆಸ್ಪತ್ರೆಗಳನ್ನು ಹೊರಗಿನ ಐದು ಆಸ್ಪತ್ರೆಗಳ ಜೊತೆ ಹೋಲಿಸಿದ ಅಧ್ಯಯನ 2006ರಲ್ಲಿ ಬಂತು. ಮೂರು ತಿಂಗಳ ನಂತರ ಸಾವು, ಆರೈಕೆ ಕೇಂದ್ರ ಅಥವಾ ತೀವ್ರ ಅಂಗವೈಕಲ್ಯಕ್ಕೆ ತುತ್ತಾದವರು ಜಾಲದ ಆಸ್ಪತ್ರೆಗಳಲ್ಲಿ ಶೇ. 44, ಹೊರಗಿನವುಗಳಲ್ಲಿ ಶೇ. 54.

ಈ ಹತ್ತರ ವ್ಯತ್ಯಾಸ ತಂದದ್ದು ಬರೀ ಕ್ಯಾಮೆರಾ ಅಲ್ಲ. ಜಾಲಕ್ಕೆ ಸೇರಿದ ಪ್ರತಿ ಆಸ್ಪತ್ರೆಯಲ್ಲೂ ಸ್ಟ್ರೋಕ್ ವಾರ್ಡ್ ಮಾಡಿದರು, ಅಲ್ಲಿನ ಡಾಕ್ಟರ್, ನರ್ಸ್‌ಗಳಿಗೆ ತರಬೇತಿ ಕೊಟ್ಟರು. ತಜ್ಞರು ದೂರದಲ್ಲಿದ್ದರು ನಿಜ, ಆದರೆ ಸ್ಕ್ಯಾನ್, ಔಷಧ, ಪಳಗಿದ ಕೈಗಳು ರೋಗಿಯ ಮಂಚದ ಪಕ್ಕದಲ್ಲೇ ಇದ್ದವು.

ನಮ್ಮ ಅಭಿಪ್ರಾಯ ಇಷ್ಟೇ. ತುರ್ತು ಹೊತ್ತಿನಲ್ಲಿ ಟೆಲಿಮೆಡಿಸಿನ್ ಇರಬೇಕಾದ್ದು ವೈದ್ಯರಿಗೂ ವೈದ್ಯರಿಗೂ ನಡುವೆ, ಆಸ್ಪತ್ರೆಯ ಒಳಗೆ. ಮನೆಯ ಸೋಫಾಕ್ಕೂ ಮ್ಯೂನಿಕ್‌ಗೂ ನಡುವೆ ಅಲ್ಲ. ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ತುರ್ತಿನಲ್ಲಿ ರೋಗಿಗೆ ದೂರದಿಂದ ಕೊಡುವ ಸಲಹೆ ಪ್ರಥಮ ಚಿಕಿತ್ಸೆ, ಜೀವ ಉಳಿಸುವ ಕ್ರಮ, ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಸೀಮಿತ. ಆದಷ್ಟು ಬೇಗ ವೈದ್ಯರನ್ನು ನೇರವಾಗಿ ಕಾಣಲು ಹೇಳಲೇಬೇಕು.

ಕರ್ನಾಟಕದಲ್ಲಿ ಹೃದಯಾಘಾತಕ್ಕೆ ಈ ದಾರಿ ಆಗಲೇ ಹಿಡಿದಿದ್ದಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ಹೃದ್ರೋಗ ಕೇಂದ್ರಕ್ಕೆ ಕಳಿಸುತ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕಿನಲ್ಲೇ ಉಚಿತ. ಸಲಹೆ ದೂರದಿಂದ, ಔಷಧ ಕೈಗೆ ಸಿಗುವ ಜಾಗದಲ್ಲಿ. ಸ್ಟ್ರೋಕ್‌ಗೂ ಇದೇ ಬೇಕು, ಆದರೆ ಅಲ್ಲಿ ಇಸಿಜಿ ಸಾಲದು, ಸ್ಕ್ಯಾನ್ ಬೇಕು. ಯಾರಾದರೂ "ನಮ್ಮ ಆಸ್ಪತ್ರೆಗೆ ಟೆಲಿಮೆಡಿಸಿನ್ ಬಂತು" ಅಂತ ರಿಬ್ಬನ್ ಕತ್ತರಿಸಿದರೆ ನಾವು ಕೇಳಬೇಕಾದ್ದು ಮೂರೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡ್ತೀರಾ? ಇಂಜೆಕ್ಷನ್ ಸ್ಟಾಕ್ ಇದೆಯಾ? ಅದನ್ನು ಕೊಡೋಕೆ ಬರೋರು ಡ್ಯೂಟಿಯಲ್ಲಿದ್ದಾರಾ? ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಪರದೆ ಗೋಡೆಗೆ ಅಲಂಕಾರ.

ಕೊನೆಯದಾಗಿ, ಹೊರದೇಶದಲ್ಲಿರೋ ನಾವೆಲ್ಲ ಈ ವಾರವೇ ಮಾಡಬಹುದಾದ ಕೆಲಸ. ಅಪ್ಪ ಅಮ್ಮ ಇರೋ ಊರಿಗೆ ಹತ್ತಿರ, ದಿನದ 24 ಗಂಟೆಯೂ ಸ್ಕ್ಯಾನ್ ಮಾಡೋ ಆಸ್ಪತ್ರೆ ಯಾವುದು ಅಂತ ಫೋನ್ ಮಾಡಿ ತಿಳಿದುಕೊಳ್ಳಿ. ಅದರ ಹೆಸರು, ಅವರು ತಗೊಳ್ಳೋ ಮಾತ್ರೆಗಳ ಪಟ್ಟಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನು, ಫ್ರಿಜ್ಜಿನ ಬಾಗಿಲಿಗೆ ದೊಡ್ಡಕ್ಷರದಲ್ಲಿ ಅಂಟಿಸಿ. ಬಾಯಿ ಸೊಟ್ಟಗಾದರೆ, ಕೈ ಎತ್ತೋಕೆ ಆಗದಿದ್ದರೆ, ಮಾತು ತೊದಲಿದರೆ ಮೊದಲು 108, ಇಲ್ಲವೇ ಪಕ್ಕದ ಮನೆಯವರ ಕಾರು ಅಂತ ಅಮ್ಮನಿಗೆ ಹೇಳಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪಿಟ್ಟುಕೊಳ್ಳಲಿ. ಗಡುವಿನ ಲೆಕ್ಕ ಅಲ್ಲಿಂದಲೇ ಶುರು.

"ನಮಗೆ ಆಮೇಲೆ ಫೋನ್ ಮಾಡಮ್ಮ, ಆಂಬುಲೆನ್ಸ್ ಹತ್ತಿದ ಮೇಲೆ" ಅಂತ ಹೇಳೋಕೆ ಮಗನಿಗೋ ಮಗಳಿಗೋ ಕಷ್ಟ ಆಗುತ್ತೆ. ನಮಗೂ ಆಯಿತು. ಆದರೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.