ಮಹಾಮಾರಿಯ ಲೆಕ್ಕದಲ್ಲಿ ಮಜೂರಿಯ ಕಾಲಂ ಎಲ್ಲಿ?

ಚರಿತ್ರೆ ತಿಳಿಯಬೇಕಾದರೆ ಕಾಲೇಜಿನ ಮೆಟ್ಟಿಲು ಹತ್ತಬೇಕು, ದಪ್ಪನೆಯ ಇಂಗ್ಲಿಷ್ ಪುಸ್ತಕ ಬಿಡಿಸಬೇಕು ಎಂಬ ಕಾಲ ಹೋಯಿತು. ಇಂದು ಪಾಳಿ ಮುಗಿಸಿ ಬಸ್ಸಿಗೆ ಕಾದು ನಿಂತ ಗಿರಣಿಯ ಕಾರ್ಮಿಕನೂ, ಗಿರಾಕಿ ಇಲ್ಲದ ಮಧ್ಯಾಹ್ನ ಗಲ್ಲಾದ ಮುಂದೆ ಕುಳಿತ ಸಣ್ಣ ವ್ಯಾಪಾರಿಯೂ ಮೊಬೈಲಿನಲ್ಲಿ ಆರು ನೂರು ವರ್ಷಗಳ ಹಿಂದಿನ ಯೂರೋಪಿನ ಕಥೆ ಕೇಳಬಹುದು. ಪಾಡ್‌ಕಾಸ್ಟ್ ಎಂದು ಇದಕ್ಕೆ ಹೆಸರು. ಹೀಗೆ ಕಥೆ ಹೇಳುವವರಲ್ಲಿ ಅನೇಕರು ಪ್ರೊಫೆಸರರಲ್ಲ. ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ಓದಿ, ಆಸಕ್ತಿಯಿಂದ ಹೇಳುವ ಹವ್ಯಾಸಿಗಳು. ಹಳೆಯ ಮಹಾಮಾರಿಗಳ ಕಥೆಗೂ ಯೂರೋಪಿನ ಯುದ್ಧಗಳ ಕಥೆಗೂ ಅಲ್ಲಿ ಬರವಿಲ್ಲ.

ಇದು ಒಳ್ಳೆಯದೇ. ವಿದ್ಯೆ ಕೆಲವರ ಕೈಯ ಸ್ವತ್ತಾಗಿರಬಾರದು ಎನ್ನುವ ನಾವು ಇದನ್ನು ಸ್ವಾಗತಿಸಬೇಕು. ಆದರೆ ಸ್ವಾಗತಿಸಿ ಸುಮ್ಮನಿರಬಾರದು. ಹೇಳಿದವರನ್ನು ಪ್ರಶ್ನೆ ಕೇಳಲೂ ಬೇಕು. ಸಾಮಾನ್ಯವಾಗಿ ಈ ಕಥೆಗಳಲ್ಲಿ ಮಹಾಮಾರಿಗೆ ಒಂದು ಕಂತು, ಯುದ್ಧಕ್ಕೆ ಇನ್ನೊಂದು ಕಂತು. ಮೊದಲನೆಯದರಲ್ಲಿ ಇಲಿ, ಚಿಗಟ, ಹೆಣಗಳ ಸಂಖ್ಯೆ. ಎರಡನೆಯದರಲ್ಲಿ ರಾಜ, ಬಿಲ್ಲುಗಾರ, ಕೋಟೆ. ಬದುಕಿ ಉಳಿದವನಿಗೆ ಮರುದಿನ ಎಷ್ಟು ಕೂಲಿ ಸಿಕ್ಕಿತು, ಯುದ್ಧದ ಖರ್ಚನ್ನು ಯಾರ ಜೇಬಿನಿಂದ ತೆಗೆದರು ಎಂಬುದು ಎರಡರಲ್ಲೂ ಇರುವುದಿಲ್ಲ. ಈ ಕಾಲಂ ಬಿಟ್ಟುಹೋದರೆ ಲೆಕ್ಕವೇ ತಪ್ಪು. ಇಂಗ್ಲೆಂಡಿನ ಒಂದು ಉದಾಹರಣೆ ತೆಗೆದುಕೊಂಡು ನೋಡೋಣ.

1337ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೂ ಫ್ರಾನ್ಸಿನ ದೊರೆಗೂ ಯುದ್ಧ ಹತ್ತಿತು. ಚರಿತ್ರಕಾರರು ಇದನ್ನು ನೂರು ವರ್ಷಗಳ ಯುದ್ಧವೆಂದು ಕರೆಯುತ್ತಾರೆ. ಅದು ಮುಗಿದದ್ದು 1453ರಲ್ಲಿ. 1346ರಲ್ಲಿ ಕ್ರೆಸಿ ಎಂಬಲ್ಲಿ ಇಂಗ್ಲಿಷರು ಗೆದ್ದರು. ಮರುವರ್ಷ ಕ್ಯಾಲೆ ಬಂದರನ್ನು ಹಿಡಿದರು. ಅದೇ 1347ರ ಅಕ್ಟೋಬರಿನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಹಡಗುಗಳು ಸಿಸಿಲಿಯ ಮೆಸ್ಸೀನಾ ಬಂದರಿಗೆ ಪ್ಲೇಗನ್ನು ತಂದವು. 1348ರ ಬೇಸಗೆಯಲ್ಲಿ ಅದು ಇಂಗ್ಲೆಂಡಿನ ದಕ್ಷಿಣ ಕರಾವಳಿಯನ್ನು ಮುಟ್ಟಿತು. ಒಂದೂವರೆ ವರ್ಷದೊಳಗೆ ಆ ದೇಶದ ಜನರಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಸತ್ತರೆಂದು ವಿದ್ವಾಂಸರ ಅಂದಾಜು. ಹತ್ತು ಮನೆಯ ಕೇರಿಯಲ್ಲಿ ನಾಲ್ಕೈದು ಮನೆಗೆ ಬೀಗ ಬಿದ್ದಂತೆ.

ಈಗ ಲೆಕ್ಕ ನೋಡಿ. ಹೊಲ ಅಷ್ಟೇ ಇದೆ. ಕುಯ್ಯುವ ಕೈ ಅರ್ಧವಾಗಿದೆ. ಪೇಟೆಯಲ್ಲಿ ಮಾಲು ಕಡಮೆಯಾದರೆ ದರ ಏರುತ್ತದೆ ಎಂಬುದು ಪ್ರತಿಯೊಬ್ಬ ವ್ಯಾಪಾರಿಗೂ ಗೊತ್ತು. ದುಡಿಯುವ ಕೈ ಕಡಮೆಯಾದಾಗ ಕೂಲಿಯ ದರವೂ ಏರಬೇಕಷ್ಟೆ? ಕೂಲಿಯವರು ಹೆಚ್ಚು ಕೇಳಿದರು. ಕೊಡದ ಧಣಿಯನ್ನು ಬಿಟ್ಟು ಕೊಡುವ ಧಣಿಯ ಊರಿಗೆ ನಡೆದರು. ಮಾಲಿನ ದರವನ್ನು ಪೇಟೆ ನಿಶ್ಚಯಿಸಲಿ ಎನ್ನುವವರು, ಕೂಲಿಯ ದರವನ್ನೂ ಪೇಟೆಗೇ ಬಿಟ್ಟರೆ?

ಬಿಡಲಿಲ್ಲ. ಪ್ಲೇಗಿನ ಭಯದಿಂದ 1349ರಲ್ಲಿ ಪಾರ್ಲಿಮೆಂಟು ಸೇರಲಾಗಲಿಲ್ಲ. ಆದರೆ ಆಜ್ಞೆ ಹೊರಡಿಸುವುದಕ್ಕೆ ಆ ಭಯ ಅಡ್ಡಬರಲಿಲ್ಲ. ಅದೇ ವರ್ಷ ಜೂನ್ 18ರಂದು ದೊರೆಯ ಮಂತ್ರಾಲೋಚನ ಸಭೆ ಆಜ್ಞೆ ಮಾಡಿತು: ಅರುವತ್ತು ವರ್ಷದೊಳಗಿನ, ಗಟ್ಟಿಮುಟ್ಟಾದ, ಸ್ವಂತ ಜಮೀನಾಗಲಿ ಕಸಬಾಗಲಿ ಇಲ್ಲದ ಗಂಡಸು ಹೆಂಗಸು ಯಾರೇ ಆಗಲಿ, ಕರೆದ ಧಣಿಯಲ್ಲಿ ಪ್ಲೇಗಿಗೆ ಮೊದಲಿನ ದರಕ್ಕೇ ದುಡಿಯತಕ್ಕದ್ದು. ಕರಾರಿನ ಅವಧಿ ಮುಗಿಯುವ ಮೊದಲು ಕೆಲಸ ಬಿಟ್ಟರೆ ಸೆರೆಮನೆ. ಗಟ್ಟಿಮುಟ್ಟಾದ ಭಿಕ್ಷುಕನಿಗೆ ಭಿಕ್ಷೆ ಕೊಡುವುದೂ ಅಪರಾಧ.

ವ್ಯಾಪಾರಿ ಬಂಧುಗಳು ಇಲ್ಲಿ ಕಿವಿಗೊಡಬೇಕು. ಮಾಂಸ, ಮೀನು, ರೊಟ್ಟಿ ಮಾರುವವರು, ಛತ್ರದವರು ‘ನ್ಯಾಯವಾದ’ ಬೆಲೆಗೇ ಮಾರಬೇಕು. ಹೆಚ್ಚು ತೆಗೆದುಕೊಂಡರೆ ಎರಡರಷ್ಟು ಕಕ್ಕಬೇಕು ಎಂದೂ ಆ ಆಜ್ಞೆಯಲ್ಲಿತ್ತು. ಕೂಲಿಗೆ ಮಿತಿ ಬಂತು, ಸಣ್ಣ ಅಂಗಡಿಯ ಬೆಲೆಗೆ ಮಿತಿ ಬಂತು. ಜಮೀನಿನ ಗೇಣಿಗೆ ಮಾತ್ರ ಮಿತಿ ಬರಲಿಲ್ಲ. ಕಾನೂನು ಮಾಡಿದವರು ಗೇಣಿ ತಿನ್ನುವವರು. ಗೇಣಿ ಅವರಿಗೆ ಕಾಣಲಿಲ್ಲ.

1351ರಲ್ಲಿ ಪಾರ್ಲಿಮೆಂಟು ಸೇರಿ ಇದನ್ನೇ ಬಿಗಿಮಾಡಿ ಶಾಸನ ಮಾಡಿತು. ದರಗಳ ಪಟ್ಟಿಯೇ ಬಂತು: ಹುಲ್ಲು ಒಣಗಿಸುವವರಿಗೆ ದಿನಕ್ಕೆ 1 ಪೆನ್ನಿ, ಮುಖ್ಯ ಬಡಗಿಗೆ 3, ಉಳಿದ ಬಡಗಿಗಳಿಗೆ 2, ಮುಖ್ಯ ಕಲ್ಲುಕುಟಿಗನಿಗೆ 4, ಹೆಂಚು ಹೊದಿಸುವವನ ಹುಡುಗನಿಗೆ ಒಂದೂವರೆ. ದುಡಿಯುವವರು ವರ್ಷಕ್ಕೆ ಎರಡು ಸಲ ಅಧಿಕಾರಿಗಳ ಮುಂದೆ ಬಂದು ಈ ದರಕ್ಕೆ ಒಪ್ಪಿದೆವೆಂದು ಪ್ರಮಾಣ ಮಾಡಬೇಕು. ಒಪ್ಪದವನ ಕಾಲನ್ನು ಮರದ ಕೋಳಕ್ಕೆ ಹಾಕಬೇಕು. ಅದಕ್ಕಾಗಿ ಪ್ರತಿ ಊರಿನಲ್ಲೂ ಕೋಳ ಮಾಡಿಸಿಡಬೇಕು. ವಿಚಾರಣೆ ನಡೆಸುವ ನ್ಯಾಯಾಧಿಕಾರಿಗಳು ಯಾರು? ಆಯಾ ಸೀಮೆಯ ಜಮೀನ್ದಾರರೇ. ವಸೂಲಾದ ದಂಡ ಎಲ್ಲಿಗೆ ಹೋಯಿತು? ಯುದ್ಧಕ್ಕಾಗಿ ಊರಿನ ಮೇಲೆ ಬಿದ್ದಿದ್ದ ತೆರಿಗೆಯ ಜಮಾಕ್ಕೆ. ಹೆಚ್ಚು ಕೂಲಿ ಪಡೆದ ತಪ್ಪಿಗೆ ಕೂಲಿಯವನು ತೆತ್ತ ದಂಡದಿಂದ ಯುದ್ಧದ ತೆರಿಗೆ ತೀರಿಸುವ ಭಾರ ಉಳಿದವರಿಗೆ ಹಗುರಾಯಿತು. ಮಹಾಮಾರಿಯನ್ನೂ ಯುದ್ಧವನ್ನೂ ಬೇರೆ ಬೇರೆ ಕಂತಿನಲ್ಲಿ ಹೇಳಿದರೆ ಇದು ಹೇಗೆ ತಿಳಿಯಬೇಕು?

1361ರಲ್ಲಿ ಪ್ಲೇಗು ಮತ್ತೆ ಬಂತು. ಓಡಿಹೋದ ಕೂಲಿಯವನ ಹಣೆಗೆ ಸುಳ್ಳನೆಂಬ ಗುರುತಿನ ಅಕ್ಷರದ ಬರೆ ಹಾಕಬಹುದೆಂಬ ಕಾನೂನೂ ಆಗಿನದೇ. 1363ರಲ್ಲಿ ಉಡುಪಿನ ಮೇಲೂ ಕಾನೂನು: 40 ಶಿಲಿಂಗಿನ ಆಸ್ತಿಯಿಲ್ಲದ ಉಳುವವನು, ಗಾಡಿ ಹೊಡೆಯುವವನು, ಕುರಿ ಕಾಯುವವನು ಒರಟು ಉಣ್ಣೆಯ ಬಟ್ಟೆಯನ್ನು ಬಿಟ್ಟು ಬೇರೆ ತೊಡಕೂಡದು. ನಾಲ್ಕು ಕಾಸು ಹೆಚ್ಚು ದುಡಿದವನು ಒಳ್ಳೆಯ ಬಟ್ಟೆ ತೊಟ್ಟದ್ದು ಉಳ್ಳವರ ಕಣ್ಣಿಗೆ ಅಷ್ಟು ಚುಚ್ಚಿತ್ತು! ಈ ಕಾನೂನನ್ನು ಸ್ವಲ್ಪ ಕಾಲದಲ್ಲೇ ರದ್ದು ಮಾಡಬೇಕಾಯಿತು. ಬಟ್ಟೆ ನೇಯುವವರಿಗೂ ಮಾರುವವರಿಗೂ ಅದರಲ್ಲಿ ಬಂದ ಲಾಭವೇನೂ ಇರಲಿಲ್ಲ.

ಯುದ್ಧ ಮುಂದುವರಿಯಿತು, ಬೊಕ್ಕಸ ಬರಿದಾಯಿತು. 1377ರಲ್ಲಿ ತಲೆಗಂದಾಯ ಬಂತು: ಹದಿನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ 4 ಪೆನ್ನಿ. 1380ರಲ್ಲಿ ಹದಿನೈದು ಮೀರಿದ ಪ್ರತಿ ತಲೆಗೆ 12 ಪೆನ್ನಿ. ಶಾಸನದ ದರದಂತೆ ಮುಖ್ಯ ಬಡಗಿಗೇ ಅದು ನಾಲ್ಕು ದಿನದ ದುಡಿಮೆ. ಹೆಂಡತಿಯ ಪಾಲನ್ನೂ ಸೇರಿಸಿದರೆ ಎಂಟು ದಿನದ ದುಡಿಮೆ. ಊರಿನ ಬಲ್ಲಿದರು ಬಡವರಿಗೆ ನೆರವಾಗಲಿ ಎಂದು ಕಾಗದದಲ್ಲಿ ಬರೆದಿದ್ದರು. ಬಲ್ಲಿದರೇ ಇಲ್ಲದ ಊರಿನಲ್ಲಿ ನೆರವು ಎಲ್ಲಿಂದ ಬರಬೇಕು? ಜನ ತಲೆಗಳನ್ನು ಮರೆಸಿದರು. ಬಾಕಿ ವಸೂಲಿಗೆ ಅಧಿಕಾರಿಗಳು ಮತ್ತೆ ಹೊರಟರು.

1381ರ ಮೇ ಕೊನೆಯಲ್ಲಿ ಎಸೆಕ್ಸ್ ಸೀಮೆಯ ಹಳ್ಳಿಗರು ಇನ್ನು ಕೊಡಲಾರೆವೆಂದು ತಿರುಗಿ ನಿಂತರು. ಕೆಂಟ್ ಸೀಮೆಯೂ ಎದ್ದಿತು. ವಾಟ್ ಟೈಲರ್ ಮುಂದಾಳಾದ. ಜಾನ್ ಬಾಲ್ ಎಂಬ ಬಡ ಪಾದ್ರಿ, ದೇವರು ಯಾರನ್ನೂ ಜೀತಗಾರನಾಗಿ ಹುಟ್ಟಿಸಲಿಲ್ಲವೆಂದು ಸಾರಿದ. ಜೂನ್ 13ರಂದು ಅವರು ಲಂಡನ್ನನ್ನು ಹೊಕ್ಕರು. ಮರುದಿನ ಹದಿನಾಲ್ಕು ವರ್ಷದ ದೊರೆ ಎರಡನೆಯ ರಿಚರ್ಡ್ ಅವರನ್ನು ಕಂಡು, ಜೀತವನ್ನು ರದ್ದುಮಾಡುವೆನೆಂದೂ ಗೇಣಿಯನ್ನು ಎಕರೆಗೆ 4 ಪೆನ್ನಿಗೆ ನಿಲ್ಲಿಸುವೆನೆಂದೂ ಮಾತು ಕೊಟ್ಟ. 15ರಂದು ಮಾತುಕತೆಯ ನಡುವೆಯೇ ವಾಟ್ ಟೈಲರನನ್ನು ಕೊಂದರು. ಜುಲೈ ಮೊದಲ ವಾರದೊಳಗೆ ದೊರೆ ತನ್ನ ಮಾತನ್ನು ಹಿಂದಕ್ಕೆ ಪಡೆದ. ಜುಲೈ 15ರಂದು ಜಾನ್ ಬಾಲನನ್ನು ಗಲ್ಲಿಗೇರಿಸಿದರು.

ಇಲ್ಲಿ ಒಂದು ಕಹಿ ಮಾತನ್ನೂ ಮುಚ್ಚಿಡಬಾರದು. ಲಂಡನ್ನಿನಲ್ಲಿ ಆ ದಿನಗಳಲ್ಲಿ ಗುಂಪು ಫ್ಲೆಮಿಷ್ ಜನರನ್ನು ಹುಡುಕಿ ಹುಡುಕಿ ಕೊಂದಿತು. ಅವರಲ್ಲಿ ನೇಕಾರರಿದ್ದರು, ಹೊಟ್ಟೆಪಾಡಿಗಾಗಿ ಬೇರೆ ದೇಶದಿಂದ ಬಂದವರು. ತೆರಿಗೆ ಹಾಕಿದವರು ಅವರಲ್ಲ, ಕೋಳ ಮಾಡಿಸಿದವರೂ ಅವರಲ್ಲ. ದುಡಿಯುವವನ ಸಿಟ್ಟು ಪಕ್ಕದ ಮಗ್ಗದ ಕಡೆಗೆ ತಿರುಗಿದರೆ ಧಣಿಗೆ ಅದಕ್ಕಿಂತ ಹೆಚ್ಚಿನ ಸಹಾಯ ಬೇರೆ ಬೇಕಿಲ್ಲ. ಬೇರೆ ಜಿಲ್ಲೆಯವನು, ಬೇರೆ ರಾಜ್ಯದವನು ಬಂದು ನಮ್ಮ ಕೂಲಿ ಕಿತ್ತನೆಂದು ಇಂದು ಗೇಟಿನ ಮುಂದೆ ಗೊಣಗುವವರು ಈ ಅಧ್ಯಾಯವನ್ನು ಎರಡು ಸಲ ಕೇಳಬೇಕು.

ದಂಗೆ ಸೋತಿತು. ಆದರೆ ಎಲ್ಲವೂ ಸೋಲಲಿಲ್ಲ. ಅಂಥ ತಲೆಗಂದಾಯವನ್ನು ಮತ್ತೆ ಹಾಕುವ ಧೈರ್ಯ ಆಳುವವರಿಗೆ ಬಹುಕಾಲ ಬರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಇಂಗ್ಲೆಂಡಿನ ಜೀತ ಕರಗುತ್ತಾ ಹೋಯಿತು. ಕೂಲಿಯವನ ಊಟ, ಬಟ್ಟೆ ಅಜ್ಜನ ಕಾಲಕ್ಕಿಂತ ಎಷ್ಟೋ ಮೇಲಾಯಿತು.

ಇದನ್ನು ಹಿಡಿದುಕೊಂಡು ಕೆಲವರು, ‘ಪ್ಲೇಗಿನಿಂದ ಬಡವರಿಗೆ ಒಳ್ಳೆಯದೇ ಆಯಿತು’ ಎನ್ನುತ್ತಾರೆ. ಈ ಮಾತನ್ನು ಒಪ್ಪತಕ್ಕದ್ದಲ್ಲ. ಎಲ್ಬೆ ನದಿಯ ಪೂರ್ವಕ್ಕಿರುವ ಯೂರೋಪನ್ನು ನೋಡಿ. ಅಲ್ಲೂ ಜನ ಕಡಮೆಯಾದರು, ದುಡಿಯುವ ಕೈಗೆ ಕೊರತೆ ಬಂತು. ಆದರೆ ಮುಂದಿನ ಎರಡು ಶತಮಾನಗಳಲ್ಲಿ ಅಲ್ಲಿನ ರೈತನ ಕೊರಳಿನ ನೊಗ ಇನ್ನೂ ಭಾರವಾಯಿತು. ಧಣಿಯ ಅಪ್ಪಣೆಯಿಲ್ಲದೆ ಊರು ಬಿಡದ ಸ್ಥಿತಿಗೆ ಅವನು ಬಂದ. ಒಂದು ಕಡೆ ಕಟ್ಟು ಸಡಿಲವಾಯಿತು, ಇನ್ನೊಂದು ಕಡೆ ಬಿಗಿಯಾಯಿತು. ಎಲ್ಲಿ ಹಳ್ಳಿಯ ಜನ ಒಟ್ಟಾಗಿ ‘ಇಲ್ಲ’ ಎನ್ನಬಲ್ಲವರಾಗಿದ್ದರೋ ಅಲ್ಲಿ ಕೂಲಿ ಏರಿತು. ಎಲ್ಲಿ ಧಣಿಗಳ ಕಟ್ಟೇ ಬಲವಾಗಿತ್ತೋ ಅಲ್ಲಿ ಬೇಡಿ ಬಿತ್ತು. ಕೂಲಿಯನ್ನು ಏರಿಸಿದ್ದು ರೋಗಾಣುವಲ್ಲ.

ಇದೆಲ್ಲ ದೂರದ ಕಥೆಯೆಂದು ತಳ್ಳಿಹಾಕುವವರು ಅಹಮದಾಬಾದಿನ ಗಿರಣಿಗಳನ್ನು ನೆನೆಯಲಿ. 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದು, ನಮ್ಮ ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳನ್ನು ಉಳಿಸಿ ಹೋದ ಅದೇ ರೋಗ 1917ರಲ್ಲಿ ಅಹಮದಾಬಾದಿನಲ್ಲಿತ್ತು. ಯೂರೋಪಿನಲ್ಲಿ ಮಹಾಯುದ್ಧ ನಡೆದಿತ್ತು. ಬಟ್ಟೆಗೆ ಒಳ್ಳೆಯ ದರವಿತ್ತು. ಕಾರ್ಮಿಕರು ಊರು ಬಿಟ್ಟು ಓಡಿದರೆ ಯಂತ್ರ ನಿಲ್ಲುತ್ತದೆಂದು ಮಾಲೀಕರು ‘ಪ್ಲೇಗು ಬೋನಸ್ಸು’ ಕೊಟ್ಟರು. ಕೆಲವರಿಗೆ ಅದು ಕೂಲಿಯ ನೂರಕ್ಕೆ 70ರಷ್ಟೂ ಆಗಿತ್ತು. 1918ರ ಆರಂಭದಲ್ಲಿ ಪ್ಲೇಗು ಇಳಿಯಿತು, ಬೋನಸ್ಸು ನಿಂತಿತು. ಯುದ್ಧದ ತುಟ್ಟಿ ಮಾತ್ರ ಇಳಿಯಲಿಲ್ಲ. ನೇಕಾರರು ನೂರಕ್ಕೆ 50 ತುಟ್ಟಿ ಭತ್ಯೆ ಕೇಳಿದರು. ಮಾಲೀಕರು 20 ಎಂದರು. ಗಾಂಧೀಜಿ ಲೆಕ್ಕ ಹಾಕಿ 35 ಕೇಳಿರೆಂದರು. ಫೆಬ್ರವರಿ 22ರಂದು ಮಾಲೀಕರು ಗಿರಣಿಗಳಿಗೆ ಬೀಗಮುದ್ರೆ ಹಾಕಿದರು. ಮಾಲೀಕರ ಮುಖಂಡ ಅಂಬಾಲಾಲ್ ಸಾರಾಭಾಯಿ; ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಸೋದರಿ ಅನಸೂಯಾಬೆನ್. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹೂಡಿದರು; 18ರಂದು ರಾಜಿಯಾಯಿತು; ಕೊನೆಗೆ ಪಂಚಾಯಿತಿ ತೀರ್ಪಿನಲ್ಲಿ 35 ಸಿಕ್ಕಿತು. 1920ರಲ್ಲಿ ಅಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ರೋಗದ ಭಯ ಕೊಟ್ಟ ಬೋನಸ್ಸು ರೋಗದ ಜೊತೆಗೇ ಹೋಯಿತು. ಒಗ್ಗಟ್ಟಿನಿಂದ ಪಡೆದ 35 ಉಳಿಯಿತು.

ಇನ್ನು 2020ರ ಮಾತು. ಕೊರೋನಾ ಬಂದಾಗ ವಲಸೆ ಕಾರ್ಮಿಕರು ಊರಿಗೆ ಕಳಿಸಿರೆಂದರು. ಮೇ 5ರಂದು ಕಟ್ಟಡ ಉದ್ಯಮಿಗಳ ಸಭೆಯಾದ ಮೇಲೆ ಕರ್ನಾಟಕ ಸರ್ಕಾರ ಅವರ ರೈಲುಗಳನ್ನು ಬೇಡವೆಂದಿತು. ದೇಶವೆಲ್ಲ ಛೀ ಎಂದಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಅದೇ ತಿಂಗಳು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಬಹುದೆಂಬ ಆದೇಶ ಹೊರಟಿತು; ಜೂನಿನಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಗುಜರಾತಿನಲ್ಲಿ 12 ಗಂಟೆ ದುಡಿಸಿ, ಹೆಚ್ಚುವರಿ ಗಂಟೆಗೆ ಇಮ್ಮಡಿ ದರ ಕೊಡಬೇಕಿಲ್ಲವೆಂದು ಮಾಡಿದ ಅಧಿಸೂಚನೆಯನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ರದ್ದುಮಾಡಿತು. 1349ಕ್ಕೂ 2020ಕ್ಕೂ ನಡುವೆ ಆರುನೂರ ಎಪ್ಪತ್ತೊಂದು ವರ್ಷ. ರೋಗ ಬೇರೆ, ದೇಶ ಬೇರೆ. ಹೋಗುವವನನ್ನು ತಡೆ, ಹಳೆಯ ದರಕ್ಕೆ ಹೆಚ್ಚು ದುಡಿಸು ಎಂಬ ಬುದ್ಧಿ ಮಾತ್ರ ಅದೇ. ಒಂದು ದೊಡ್ಡ ವ್ಯತ್ಯಾಸವಿದೆ: ಈಗ ನಮಗೆ ಸಂಘವಿದೆ, ಮತವಿದೆ, ಕೋರ್ಟಿದೆ. ಆದೇಶಗಳು ಹಿಂದಕ್ಕೆ ಹೋದದ್ದು ತಾವಾಗಿಯೇ ಅಲ್ಲ.

ಆದ್ದರಿಂದ ಚರಿತ್ರೆ ಹೇಳುವ ಹವ್ಯಾಸಿ ಮಿತ್ರರಲ್ಲಿ ನಮ್ಮ ವಿನಂತಿ: ನಿಮ್ಮ ಕಥೆಯಲ್ಲಿ ಕೂಲಿ, ಗೇಣಿ, ತೆರಿಗೆ, ರೊಟ್ಟಿಯ ಬೆಲೆ ಇವು ನಾಲ್ಕೂ ಬರಲಿ. ಕೇಳುಗ ಬಂಧುಗಳಲ್ಲಿ ವಿನಂತಿ: ಒಬ್ಬೊಬ್ಬರೇ ಕೇಳಬೇಡಿರಿ. ವಾರಕ್ಕೊಮ್ಮೆ ಸಂಘದ ಕೋಣೆಯಲ್ಲಿ ಹತ್ತು ಜನ ಕೂಡಿ ಕೇಳಿರಿ, ಕೇಳಿದ ಮೇಲೆ ವಾದಿಸಿರಿ.

ಕೊನೆಯದಾಗಿ ಒಂದು ಮಾತು. ಆ ಇಂಗ್ಲೆಂಡಿನ ಕೂಲಿಯವರ ಹೆಸರುಗಳು ಕೆಲವು ನಮಗೆ ಇಂದಿಗೂ ಸಿಗುತ್ತವೆ. ಎಲ್ಲಿ? ಹೆಚ್ಚು ಕೂಲಿ ತೆಗೆದುಕೊಂಡ ತಪ್ಪಿಗೆ ದಂಡ ಹಾಕಿದ ಕೋರ್ಟಿನ ಸುರುಳಿಗಳಲ್ಲಿ. ತಮ್ಮ ಪರವಾಗಿ ಅವರು ಬರೆದಿಟ್ಟದ್ದು ಏನೂ ಇಲ್ಲ. ಹೆಚ್ಚಿನವರಿಗೆ ಅಕ್ಷರವೇ ಇರಲಿಲ್ಲ. ನಮಗೆ ಅಕ್ಷರವಿದೆ. ಪಗಾರದ ಚೀಟಿಯನ್ನು ಹರಿದು ಎಸೆಯಬೇಡಿರಿ. ಅಂಗಡಿಯ ಹಳೆಯ ಖಾತೆ ಪುಸ್ತಕವನ್ನು ರದ್ದಿಗೆ ಹಾಕಬೇಡಿರಿ. 2020ರಲ್ಲಿ ಎಷ್ಟು ದಿನದ ಕೂಲಿ ಹೋಯಿತು, ಎಷ್ಟು ಸಾಲವಾಯಿತು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ಸಂಘದ ಕಪಾಟಿನಲ್ಲಿ ಇಡಿರಿ. ಮುಂದೆ ಯಾರೋ ಹವ್ಯಾಸಿ ನಮ್ಮ ಕಾಲದ ಮಾರಿಯ ಕಥೆ ಹೇಳಲು ಕುಳಿತಾಗ ಅವನ ಕೈಗೆ ಸರ್ಕಾರದ ಆದೇಶಗಳು ಮಾತ್ರ ಸಿಗಬಾರದು, ನಮ್ಮ ಲೆಕ್ಕವೂ ಸಿಗಬೇಕು.