ಕುಲುಮೆ ಹೊತ್ತಿಸಿ ಶಟರ್ ಎಳೆಯಬೇಡಿ

ಇವತ್ತಿನ ಪೋಸ್ಟು ಸ್ವಲ್ಪ ಟೆಕ್ನಿಕಲ್ಲು. ಆದ್ರೂ ಪೂರ್ತಿ ಓದಿ.

ನಮ್ಮ ಕಾಲೋನಿಗಳಲ್ಲಿ ಕೆಲವು ಹುಡುಗರು ಮನೆಗೆ ಅಂಟಿಕೊಂಡ ಬೈಕ್ ಶೆಡ್ಡಿನಲ್ಲೇ ಗ್ಯಾಸ್ ಕುಲುಮೆ ಹಾಕ್ಕೊಂಡು ಕುಡುಗೋಲು, ಗುದ್ದಲಿ, ಗೇಟಿನ ಡಿಸೈನು ಮಾಡ್ತಿದಾರೆ. ಯಾರು ಕಬ್ಬಿಣ ಬಡಿಯಬೇಕು, ಯಾರು ಚರ್ಮ ಹದ ಮಾಡಬೇಕು ಅಂತ ಹುಟ್ಟಿನಲ್ಲೇ ಬರೆದಿಟ್ಟಿದ್ದ ಊರುಗಳಲ್ಲಿ ನಮ್ಮ ಹುಡುಗ ತನ್ನಿಷ್ಟದ ಕಸುಬಿಗೆ ಬೆಂಕಿ ಹೊತ್ತಿಸೋದು ಸಣ್ಣ ಮಾತಲ್ಲ. ಆದ್ರೆ ಸದ್ದಾಗುತ್ತೆ ಅಂತ ಪಕ್ಕದ ಮನೆಯವರು ಬೈತಾರೆ, ಇವನು ಶಟರ್ ಎಳ್ಕೊಂಡು ಕೆಲಸ ಮಾಡ್ತಾನೆ. ನನ್ನ ತಕರಾರು ಆ ಶಟರಿನ ಮೇಲೆ.

ಗ್ಯಾಸ್ ಕುಲುಮೆಯಲ್ಲಿ ಅಪಾಯ ಎರಡು ಥರ. ಸೋರಿದ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೀರಿನ ಹಾಗೆ ನೆಲದ ಮೇಲೆ ಹರಿದು ಮೂಲೆಯಲ್ಲಿ ಕೂತು ಕಿಡಿಗೆ ಕಾಯುತ್ತೆ. ಅದಕ್ಕೆ ವಾಸನೆ ಬೆರೆಸಿರೋದ್ರಿಂದ ಮೂಗಿಗಾದ್ರೂ ಗೊತ್ತಾಗುತ್ತೆ. ಇನ್ನೊಂದು ಕಾರ್ಬನ್ ಮೊನಾಕ್ಸೈಡ್, ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟೋದು. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಳ್ಳುತ್ತೆ. ತಲೆನೋವು, ವಾಕರಿಕೆ, ಕಾಲು ಸೋತ ಹಾಗೆ. ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಅದಕ್ಕೇ ಇರಬೇಕು ಅಂದ್ಕೊಂಡು ಹುಡುಗ ಸುತ್ತಿಗೆ ಬೀಸ್ತಾನೇ ಇರ್ತಾನೆ. ಕುಲುಮೆ ಬಾಯಿಂದ ಉದ್ದನೆ ಕಿತ್ತಳೆ ಬಣ್ಣದ ನಾಲಿಗೆ ಚಾಚ್ತಿದ್ರೆ ಗ್ಯಾಸ್ ಜಾಸ್ತಿ, ಗಾಳಿ ಕಡಿಮೆ ಅಂತ ತಿಳ್ಕೊಳ್ಳಿ. ಸರಿಯಾಗಿ ಉರಿಯೋ ಕುಲುಮೆ ಕೂಡ ಮುಚ್ಚಿದ ಕೋಣೆಯ ಆಮ್ಲಜನಕ ತಿಂದು ತಿಂದು ಅದೇ ಸ್ಥಿತಿಗೆ ಬರುತ್ತೆ.

ಅದಕ್ಕೇ ಒಂದು ಕಿಟಕಿ ಸಾಲದು. ಶಟರ್ ಪೂರ್ತಿ ಮೇಲಿರಲಿ. ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್, ನೆಲದ ಮಟ್ಟದಲ್ಲಿ ಜಾಲರಿ ಕಿಂಡಿ, ಕುಲುಮೆ ಮೇಲೆ ತಗಡಿನ ಹುಡ್, ಅದರ ಕೊಳವೆ ಸೂರಿನಾಚೆಗೆ. ಒಳಗೆ ಗಾಳಿ ಬರೋಕೆ ದಾರಿ ಇಲ್ಲದಿದ್ರೆ ಫ್ಯಾನ್ ಸುಮ್ನೆ ತಿರುಗುತ್ತೆ ಅಷ್ಟೇ. ಸಿಲಿಂಡರ್ ಶೆಡ್ಡಿನ ಹೊರಗೆ, ನೆಟ್ಟಗೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮೂಗಿನ ಎತ್ತರಕ್ಕೆ. ಮನೆಯೊಳಕ್ಕೆ ತೆರೆಯೋ ಬಾಗಿಲು ಮುಚ್ಚಿರಲಿ, ಆ ಕಡೆ ಮಕ್ಕಳು ಮಲಗಿರ್ತಾರೆ.

ದುಡ್ಡೆಲ್ಲಿ ಅಂತೀರಿ. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಕ್ಕೆ 15,000, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇ. 5. (ಕುಲಕಸುಬನ್ನು ಹೊಗಳೋ ಆ ಯೋಜನೆ ಬಗ್ಗೆ ನಂಗಿರೋ ಸಿಟ್ಟು ಬೇರೆ ಪೋಸ್ಟಿಗೆ.) ಸಾಲ ಸಿಕ್ಕವರು ಮೊದಲ ಖರ್ಚು ಗೋಡೆ ಒಡೆಯೋಕೆ ಮಾಡಿ, ಹೊಸ ಅಡಿಗಲ್ಲು ಆಮೇಲೆ.

ಮುಚ್ಚಿದ ಜಾಗದ ಗ್ಯಾಸ್ ಏನು ಮಾಡುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮ್ಯಾನ್‌ಹೋಲಿನ ಗ್ಯಾಸ್ ಬೇರೆ, ಸಾಯೋ ರೀತಿ ಅದೇ. ಅಲ್ಲಿ ನಮ್ಮವರನ್ನು ಇಳಿಸಿದ್ದಕ್ಕೆ ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರ ಅಂತು. ಅದನ್ನು ವಸೂಲಿ ಮಾಡೋಕೂ ಬೀದಿಗಿಳಿಬೇಕು, ಇರಲಿ. ಸ್ವಂತ ಶೆಡ್ಡಿನಲ್ಲಿ ಸತ್ತರೆ ಪರಿಹಾರ ಕೇಳೋಕೆ ಎದುರಿಗೆ ಯಾರೂ ಇರಲ್ಲ. ಇಬ್ಬರು ದುಡಿಯೋ ಜಾಗಕ್ಕೆ ಫ್ಯಾಕ್ಟರಿ ಇನ್‌ಸ್ಪೆಕ್ಟರೂ ಬರಲ್ಲ.

ಇನ್ನೊಂದು ವಿಷಯ. ಮ್ಯಾನ್‌ಹೋಲಿನಲ್ಲಿ ಬಿದ್ದವನನ್ನು ಎತ್ತೋಕೆ ಹೋದವನೂ ಸಾಯ್ತಾನೆ. ಶೆಡ್ಡಿನಲ್ಲಿ ಯಾರಾದ್ರೂ ಕುಸಿದಿದ್ರೆ ಒಳಗೆ ನುಗ್ಗೋ ಮೊದಲು ಶಟರ್ ಎತ್ತಿ, ಹೊರಗಿನ ಸಿಲಿಂಡರ್ ಬಂದ್ ಮಾಡಿ, 108ಕ್ಕೆ ಫೋನ್ ಹಚ್ಚಿ. ಕೊರೊನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ನಂಬಬೇಡಿ, ಈ ವಿಷ ಏರಿದ್ರೂ ಅದು 98 ತೋರಿಸಬಹುದು. ಆಸ್ಪತ್ರೆಯಲ್ಲಿ "ಗ್ಯಾಸ್ ಕುಲುಮೆ ಹತ್ರ ಇದ್ದ, ಕಾರ್ಬನ್ ಮೊನಾಕ್ಸೈಡ್ ಇರಬಹುದು" ಅಂತ ಬಾಯಿಬಿಟ್ಟು ಹೇಳಿ.