ಹಯವದನ ಕನ್ನಡದಲ್ಲಿ ಓದಿದ್ದೀರಾ ಸಾರ್?

ಮೊನ್ನೆ ಒಂದು ವಿಚಾರಸಂಕಿರಣ. ಗಿರೀಶ ಕಾರ್ನಾಡರ ಮೇಲೆ ಪಿಎಚ್‌ಡಿ ಮಾಡಿದ ಇಂಗ್ಲಿಷ್ ಮೇಷ್ಟ್ರೊಬ್ಬರು ‘ಹಯವದನ’ದಲ್ಲಿ ಅಸ್ಮಿತೆಯ ಬಿಕ್ಕಟ್ಟು ಅಂತ ಮುಕ್ಕಾಲು ಗಂಟೆ ಕೊರೆದರು. ಥಾಮಸ್ ಮಾನ್ ಬಂದ, ಬ್ರೆಕ್ಟ್ ಬಂದ, ಕಥಾಸರಿತ್ಸಾಗರವೂ ಬಂತು. ವಾದಿರಾಜರು ಮಾತ್ರ ಬರಲಿಲ್ಲ.

ಊಟದ ಹೊತ್ತಲ್ಲಿ ಕೇಳಿದೆ: ಹಯವದನ ಅನ್ನೋದು ವಾದಿರಾಜರ ಅಂಕಿತ ಅಲ್ವಾ ಸಾರ್? ದೇವರನಾಮ ಕೇಳಿ ಬೆಳೆದವರ ಕಿವಿಗೆ ಅದು ಕುದುರೆಮುಖದ ವಿಷ್ಣುವಿನ ಹೆಸರು. ಅದೇ ಹೆಸರಿಟ್ಟುಕೊಂಡು, ಪೂರ್ತಿ ಮನುಷ್ಯನಾಗಬೇಕೆಂದು ಒದ್ದಾಡಿ ಕೊನೆಗೆ ಪೂರ್ತಿ ಕುದುರೆಯೇ ಆಗಿಬಿಡೋನೊಬ್ಬ ರಂಗದ ಮೇಲೆ ಬಂದರೆ ನಗು ಬರುತ್ತೆ, ಜೊತೆಗೆ ಸಣ್ಣ ಕಸಿವಿಸಿಯೂ. ಪ್ರಬಂಧದಲ್ಲಿ ಅದೆಲ್ಲಿ?

“ನಾನು ಇಂಗ್ಲಿಷ್ ಪಠ್ಯಾನೇ ತಗೊಂಡಿದ್ದು” ಅಂದರು. ಮನೆಮಾತು ಕನ್ನಡ, ಮತ್ತೆ!

ಕಾರ್ನಾಡರೇ ಅನುವಾದಿಸಿದ್ದಲ್ವಾ ಅಂತ ಒಂದು ಸಮಜಾಯಿಷಿ ಯಾವಾಗಲೂ ತಯಾರಿರುತ್ತೆ. ಸರಿ, ‘ಯಯಾತಿ’ ನೋಡಿ. ಕನ್ನಡದಲ್ಲಿ ಅಚ್ಚಾದದ್ದು 1961ರಲ್ಲಿ. ಅವರದೇ ಇಂಗ್ಲಿಷ್ ಅನುವಾದ ಪುಸ್ತಕವಾಗಿದ್ದು 2008ರಲ್ಲಿ. ಇಪ್ಪತ್ತು ದಾಟಿದ ಹುಡುಗ ಬರೆದದ್ದನ್ನು ಎಪ್ಪತ್ತರ ಲೇಖಕ ಇನ್ನೊಂದು ಭಾಷೆಗೆ ತಂದಾಗ ಅದು ಅದೇ ನಾಟಕವಾಗಿ ಉಳಿಯುತ್ತಾ? ಅದೂ ಮಗನ ಯೌವನ ಕಸಿಯುವ ಮುದುಕನ ಕತೆ! ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅದೇ ಒಂದು ಒಳ್ಳೆಯ ಪಿಎಚ್‌ಡಿ. ಆದರೆ ಕನ್ನಡ ಓದಬೇಕಲ್ಲ.

‘ಕೇಳು ಜನಮೇಜಯ’ ಬರೆದ ಶ್ರೀರಂಗರ ಮೇಲೆ ನಿಮ್ಮ ವಿದ್ಯಾರ್ಥಿಗಳಿಂದ ಯಾಕೆ ಮಾಡಿಸಲ್ಲ ಅಂತಲೂ ಕೇಳಿದೆ.

“ಟ್ರಾನ್ಸ್‌ಲೇಶನ್ ಸಿಗಲ್ಲ ನೋಡ್ರೀ” ಅಂದರು. ಧಾರವಾಡದವರು. ಶ್ರೀರಂಗರು ಸಂಸ್ಕೃತ ಮೇಷ್ಟ್ರಾಗಿದ್ದ ಊರು.